ಥರ್ಮಾಮೀಟರನ್ನು ನೀರಿಗೆ ಅದ್ದಿದ ಕೈ

ಆ ದಿನ ನಮ್ಮ ಹಿತ್ತಲಿನ ಪ್ಲಾಸ್ಟಿಕ್ ಮನೆಯೊಳಗಿದ್ದ ಸಸಿಗಳನ್ನೆಲ್ಲ ಕೊಂದವನು ನಾನು. ನನ್ನ ಸೊಸೆ ಭಾರತಿಯಲ್ಲ. ಅವಳ ಮುಟ್ಟೂ ಅಲ್ಲ.

ಈ ಮೂರು ವಾಕ್ಯ ಬರೆಯಲು ನನಗೆ ಹನ್ನೊಂದು ವರ್ಷ ಬೇಕಾಯಿತು. ಮೂರನೆಯದನ್ನು ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಎಪ್ಪತ್ತು ದಾಟಿದ ಗಂಡಸು, ಮಾವನಾದವನು, ಸೊಸೆಯ ವಿಷಯದಲ್ಲಿ ಆ ಪದವನ್ನು ಕಾಗದದ ಮೇಲೆ ಇಡುವುದೇ ಎಂದು ಕೈ ಹಿಂಜರಿಯಿತು. ಆದರೆ ಬೀದಿಯ ಹೆಂಗಸರೆಲ್ಲ ನಿಂತಿದ್ದಾಗ ಆ ಪದವನ್ನು ಬಾಯಿಬಿಟ್ಟು ಆಡದೆಯೇ ಎಲ್ಲರಿಗೂ ಕೇಳಿಸಿದವನು ನಾನೇ — ಅಂದು ಬಾರದ ನಾಚಿಕೆ ಈಗ ಯಾಕೆ ಬರಬೇಕು?

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಅರಸೀಕೆರೆಯ ಆಚೆ ಒಂದು ರೈಲ್ವೆ ಗೇಟಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಗೇಟ್‌ಮನ್ ಆಗಿದ್ದೆ. ಗಾಡಿ ಬರುವ ಮೊದಲು ಗೇಟು ಇಳಿಸುವುದು, ಹೋದ ಮೇಲೆ ಎತ್ತುವುದು. ಇಷ್ಟೇ ಕೆಲಸ. ಒಂದು ದಿನವೂ ಹೊತ್ತು ತಪ್ಪಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಮುಂದೆ ನಾನು ಆಡಿದ ಸುಳ್ಳನ್ನು ಎಲ್ಲರೂ ನಂಬಿದ್ದು ಈ ಒಂದು ಹೆಸರಿನ ಬಲದಿಂದ, ಅದಕ್ಕೆ ಹೇಳುತ್ತಿದ್ದೇನೆ. ನಿವೃತ್ತಿಯಾದ ಮೇಲೆ ಸ್ವಂತ ಊರು ಹಾರನಹಳ್ಳಿಗೆ ಬಂದೆ. ಹೆಂಡತಿ ಜಯಮ್ಮ, ಮಗ ರವಿ, ಸೊಸೆ ಭಾರತಿ, ಆಗ ಎರಡು ವರ್ಷದವಳಾಗಿದ್ದ ಮೊಮ್ಮಗಳು ಸಿಂಚನ. ರವಿ ಅರಸೀಕೆರೆಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವನು. ಭಾರತಿ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯವಳು, ಪಿಯುಸಿ ಮುಗಿಸಿದವಳು.

ಪ್ಲಾಸ್ಟಿಕ್ ಮನೆಯ ಯೋಚನೆ ಅವಳದು. ಕಣಕಟ್ಟೆಯಲ್ಲಿ ಅವಳ ಚಿಕ್ಕಮ್ಮನ ಮನೆಗೆ ಹೋದಾಗ ಯಾರದೋ ತೆಂಗಿನ ತೋಟದ ಅಂಚಿನಲ್ಲಿ ಒಂದನ್ನು ನೋಡಿಕೊಂಡು ಬಂದಿದ್ದಳು. ದೊಡ್ಡ ಬೆಳೆಗಾರರು ಪಾಲಿಹೌಸ್ ಅನ್ನುತ್ತಾರೆ. ನಮ್ಮದು ಹಿತ್ತಲಿನ ಮಟ್ಟದ್ದು — ಕಮಾನು ಗಾಡಿಯ ಹಾಗೆ ಬಗ್ಗಿಸಿದ ಪೈಪುಗಳು, ಅವುಗಳ ಮೇಲೆ ಹಾಲಿನ ಬಣ್ಣದ ದಪ್ಪ ಹಾಳೆ, ಅಷ್ಟೇ. ಅದರೊಳಗೆ ಗಾಳಿ ಹೊಡೆಯುವುದಿಲ್ಲ, ಅಕಾಲದ ಮಳೆ ಬಡಿಯುವುದಿಲ್ಲ, ಕೋಳಿ ಕೆದಕುವುದಿಲ್ಲ, ಕೋತಿ ನುಗ್ಗುವುದಿಲ್ಲ. ವರ್ಷದ ಯಾವ ತಿಂಗಳಲ್ಲಾದರೂ ಬೀಜ ಹಾಕಿ ಸಸಿ ಎಬ್ಬಿಸಬಹುದು. ಇದನ್ನೆಲ್ಲ ಅವಳು ಊಟಕ್ಕೆ ಬಡಿಸುತ್ತಾ ಬಡಿಸುತ್ತಾ ಒಂದು ತಿಂಗಳು ಹೇಳಿದಳು. ಕೊನೆಗೆ ಜಯಮ್ಮನೇ, "ಅದೇನ್ ಕಟ್ಕತೀಯೋ ಕಟ್ಕ ಮಾರಾಯ್ತಿ, ಮುದ್ದೆ ಗಂಟ್ಲಲ್ಲಿ ಇಳೀತಿಲ್ಲ" ಅಂದಳು.

ಕಟ್ಟಿದ್ದು ನಾವಿಬ್ಬರೇ, ಭಾರತಿ ಮತ್ತು ನಾನು. ನೆಲ ಸಮ ಮಾಡಿ, ದಾರ ಹಿಡಿದು ಗೆರೆ ಎಳೆದು, ಎರಡೂ ಸಾಲಿಗೆ ಕಬ್ಬಿಣದ ಸರಳು ಬಡಿದೆವು. ಸರಳಿಗೆ ಪೈಪಿನ ಎರಡು ತುದಿ ತೊಡಿಸಿದರೆ ಕಮಾನು ತಾನೇ ನಿಂತಿತು. ನೆತ್ತಿಗೆ ಉದ್ದಕ್ಕೆ ಒಂದು ಪೈಪು ಕಟ್ಟಿದೆವು. ಗಂಟು ಬಂದ ಕಡೆಯೆಲ್ಲ ಹಾಳೆ ತರಚಬಾರದೆಂದು ಜಯಮ್ಮನ ಹಳೆಯ ಸೀರೆ ಹರಿದು ಸುತ್ತಿದೆವು. ಹಾಳೆ ಹೊದಿಸುವ ದಿನ ನಾನು ತಂಪು ಹೊತ್ತಿನಲ್ಲೇ ಮುಗಿಸೋಣ ಎಂದರೆ ಅವಳು ಬಿಡಲಿಲ್ಲ.

"ಬಿಸಿಲೇರ್ಲಿ ಮಾವ. ಬಿಸಿಗೆ ಹಾಳೆ ಮೆತ್ತಗಾಗುತ್ತೆ, ಆಗ ಎಳೆದು ಕಟ್ಟಿದ್ರೆ ಆಮೇಲೆ ಡೋಲಿನ ಥರ ಬಿಗಿಯಾಗಿ ಕೂರುತ್ತೆ."

ಹಾಗೇ ಆಯಿತು. ಬೆರಳಲ್ಲಿ ಬಡಿದರೆ ಸದ್ದು ಬರುತ್ತಿತ್ತು.

ಎದುರು ಮನೆಯ ನಿಂಗಮ್ಮ ಬೇಲಿಯ ಮೇಲಿಂದ ಕತ್ತು ಚಾಚಿ, "ಏನಣ್ಣೋ, ಸಸಿಗೆ ಮನೆ ಕಟ್ಟಿಸ್ದೆ, ಗೃಹಪ್ರವೇಶಕ್ಕೆ ಕರೀಲೇ ಇಲ್ಲ? ನಮ್ಮ ಸೂರಂತೂ ಸೋರ್ತಾ ಐತೆ, ಒಂದು ಮೂಲೇಲಿ ನಂಗೂ ಜಾಗ ಕೊಡು" ಅಂದಳು. ಭಾರತಿ ಒಳಗಿನಿಂದಲೇ, "ಬನ್ನಿ ಅಕ್ಕ, ಬದನೆ ಪಕ್ಕ ನೆಡ್ತೀನಿ ನಿಮ್ಮನ್ನ" ಅಂದು ನಗಿಸಿದಳು.

ಹಾಳೆಯ ಎರಡೂ ಪಕ್ಕದ ಕೆಳ ಅಂಚನ್ನು ಉದ್ದನೆಯ ಪೈಪಿಗೆ ಸುತ್ತಿ, ಹಗ್ಗ ರಾಟೆ ಹಾಕಿದ್ದೆವು. ಹಗ್ಗ ಎಳೆದರೆ ಪಕ್ಕದ ಪರದೆ ಸುರುಳಿ ಸುತ್ತಿಕೊಂಡು ಮೇಲೇಳುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. "ಇದು ನಿಮ್ಮ ಗೇಟು ಮಾವ" ಎಂದು ಹಗ್ಗದ ತುದಿಯನ್ನು ನನ್ನ ಕೈಗೆ ಕೊಟ್ಟಳು. ಒಳಗೆ ಕಮಾನಿಗೆ ಒಂದು ಥರ್ಮಾಮೀಟರು ನೇತುಹಾಕಿದಳು. ಕೆಂಪು ಗೆರೆ ಮೂವತ್ತೈದು ಮುಟ್ಟುವ ಮೊದಲು ಎರಡೂ ಪಕ್ಕ ಎತ್ತಿರಬೇಕು — ಇದೊಂದೇ ನಿಯಮ. "ಮುಚ್ಚಿಟ್ಟು ಮರೆತ್ರೆ ಇಡ್ಲಿ ಪಾತ್ರೆ ಇದು. ಮನೇಲಿ ಯಾರಿಗೆ ಹೇಳಿದ್ರೂ ಮರೀತಾರೆ. ರೈಲು ಗೇಟು ಕಾದವರು ನೀವು, ನಿಮಗೆ ಹೊತ್ತು ತಪ್ಪಲ್ಲ."

ಆ ವರ್ಷದ ಮಳೆಗಾಲದಲ್ಲಿ ಊರಿನವರ ಕೊತ್ತಂಬರಿಯೆಲ್ಲ ಕೊಳೆತಾಗ ನಮ್ಮ ಹಿತ್ತಲಿನಲ್ಲಿ ಕಟ್ಟು ಕಟ್ಟು ಬಂತು. ಟೊಮೇಟೊ ಬಂತು. ಅವಳು ಎಬ್ಬಿಸಿದ ಮೆಣಸಿನ ಸಸಿಗಳನ್ನು ಬೀದಿಯ ಹೆಂಗಸರು ಬಂದು ಕೇಳಿ ಒಯ್ದರು. ಒಯ್ದವು ಒಂದೂ ಸಾಯಲಿಲ್ಲ. "ಭಾರತಿ ಕೈಗುಣ ಕಣ್ರೀ" ಎಂಬ ಮಾತು ಎದ್ದಿತು. ಸಸಿ ಕೊಡುವಾಗ ಅವಳು ಬೇರಿನ ಬುಡಕ್ಕೆ ಮಣ್ಣನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ಕೊಡುತ್ತಿದ್ದಳು. ಆ ಒತ್ತು ಬೀಳದಿದ್ದರೆ ನಿಂಗಮ್ಮ ಸಸಿ ಹಿಡಿಯುತ್ತಲೇ ಇರಲಿಲ್ಲ. "ಒಂದು ಸಲ ಒತ್ತವ್ವ, ಹಂಗೇ ಕೊಡ್ಬೇಡ." ಮದುವೆಯಾಗಿ ನಾಲ್ಕು ವರ್ಷ ರವಿಯ ಹೆಂಡತಿ, ಜಯಮ್ಮನ ಸೊಸೆ ಎಂದೇ ಕರೆಸಿಕೊಂಡವಳನ್ನು ಊರು ಆಗ ಅವಳ ಹೆಸರಿನಿಂದ ಕರೆಯಿತು.

ಯುಗಾದಿಗೆ ಬೀದಿಯ ಪ್ರತಿ ಮನೆಗೂ ಸಸಿ ಕೊಡುತ್ತೇನೆಂದು ಒಪ್ಪಿಕೊಂಡು ಮಾಘದಲ್ಲೇ ಬೀಜ ಹಾಕಿದಳು. ತೆಂಗಿನ ನಾರಿನ ಪುಡಿ ತುಂಬಿದ ಟ್ರೇಗಳು ಒಳಗೆ ಎರಡು ಸಾಲು. ಟೊಮೇಟೊ, ಬದನೆ, ಮೆಣಸು, ಚೆಂಡುಹೂವು. ನಾಲ್ಕೆಲೆ ಬಂದು, ಇನ್ನೊಂದು ವಾರಕ್ಕೆ ಕೀಳುವ ಹಾಗಿದ್ದವು.

ಆಗ ಅವಳು ಹೊರಗಾದಳು. ನಮ್ಮ ಮನೆಯಲ್ಲಿ ಆ ಮೂರು ದಿನ ಹೊರಗೆ ಕೂರಿಸುವ ಪದ್ಧತಿ ಹೋಗಿತ್ತು. ದೇವರ ಕೋಣೆಗೆ ಹೋಗಬಾರದು, ತುಳಸಿ ಮುಟ್ಟಬಾರದು, ಹಿತ್ತಲಿನ ಗಿಡ ಬಳ್ಳಿಯ ಹತ್ತಿರ ಸುಳಿಯಬಾರದು ಎಂಬುದು ಮಾತ್ರ ಉಳಿದಿತ್ತು. ಎಲೆಬಳ್ಳಿಯ ತೋಟಕ್ಕೆ ಮುಟ್ಟಾದವರು ಕಾಲಿಟ್ಟರೆ ಬಳ್ಳಿ ಸುಟ್ಟುಹೋಗುತ್ತದೆ ಎಂದು ಜಯಮ್ಮ ತನ್ನ ತವರಿನಲ್ಲಿ ಕೇಳಿ ಬೆಳೆದವಳು. ಭಾರತಿ ಇದಕ್ಕೆಲ್ಲ ನಗುತ್ತಿದ್ದಳು. ಎದುರು ಮಾತಾಡದೆ, ಒಳಗೊಳಗೇ ನಗುತ್ತಿದ್ದಳು. ಮೊದಲನೆಯ ದಿನ ನಾನು ಅರಸೀಕೆರೆಗೆ ಹೋಗಿದ್ದೆ. ನೀರು ಹಾಕುವವರಿಲ್ಲದೆ ಸಸಿ ಬಾಡುತ್ತಿವೆ ಎಂದು ಅವಳೇ ಒಳಗೆ ಹೋಗಿ ನೀರು ಚಿಮುಕಿಸಿ ಬಂದಳು. ಜಯಮ್ಮ ನೋಡಿದಳು. ರೇಗಿದಳು. ಭಾರತಿ, "ಸರಿ ಅತ್ತೆ, ಇನ್ನು ಹೋಗಲ್ಲ" ಎಂದು, ಸಂಜೆ ನಾನು ಬಂದ ಮೇಲೆ ಕರೆದು ಹೇಳಿದಳು: "ಮಾವ, ನಾಳೆ ನಾಳಿದ್ದು ನೀವೇ ನೋಡ್ಕೊಳ್ಳಿ. ಬಿಸಿಲು ಜೋರಾಗಿದೆ. ಪರದೆ ಮಾತ್ರ ಮರೀಬೇಡಿ."

ಮರುದಿನ ಪಕ್ಕದ ಮನೆಯಲ್ಲಿ ಬೀಗರೂಟ. ಅವರ ಚಪ್ಪರ ನಮ್ಮ ಹಿತ್ತಲಿನ ಬೇಲಿಗೆ ತಾಗಿಕೊಂಡಿತ್ತು. ಜಯಮ್ಮ ಬೆಳಿಗ್ಗೆಯೇ ಅಲ್ಲಿ ಅಡಿಗೆಯ ಕಡೆ ಹೋಗಿದ್ದಳು, ಭಾರತಿ ಹಿತ್ತಲಿಗೆ ಬರುವಂತಿರಲಿಲ್ಲ. ಬೆಳಿಗ್ಗೆ ನಾನು ಎರಡೂ ಪಕ್ಕ ಎತ್ತಿದ್ದೆ, ಅದು ನಿಜ. ಹತ್ತು ಗಂಟೆಯ ಹೊತ್ತಿಗೆ ನೆಂಟರು ಬರತೊಡಗಿದರು, ಬೇಲಿಯ ಹತ್ತಿರ ನಿಂತು ಒಳಗೆ ಇಣುಕಿದರು. "ಅಬ್ಬಬ್ಬಾ, ಏನ್ ಸಸಿ ಕಣ್ರೀ, ರತ್ನಗಂಬಳಿ ಹಾಸ್ದಂಗೆ ಅವೆ!" ಅಂದರು. ಅಷ್ಟು ಜನರ ಕಣ್ಣು! ದೃಷ್ಟಿಯಾದೀತು ಎಂದು ಹೆದರಿ ಎರಡೂ ಹಗ್ಗ ಬಿಟ್ಟೆ. ಪರದೆ ನೆಲಕ್ಕೆ ಇಳಿಯಿತು. ಎರಡು ಕೊನೆಯ ಬಾಗಿಲನ್ನೂ ಎಳೆದು ಕಟ್ಟಿದೆ. ಮೊದಲ ಪಂಕ್ತಿಗೆ ಉಂಡು, ಬಂದು ಎತ್ತಿದರಾಯಿತು — ಅಷ್ಟೇ ಅಂದುಕೊಂಡಿದ್ದು.

ಬೇಲೂರಿನ ಕಡೆಯಿಂದ ಬರಬೇಕಾದ ಬೀಗರ ಬಸ್ಸು ತಡವಾಯಿತು. ಹಿರಿಯನೆಂದು ನನ್ನನ್ನು ಬೀಗರ ಸಾಲಿನಲ್ಲೇ ಕೂರಿಸಬೇಕೆಂದು ಹಿಡಿದಿಟ್ಟರು. ಎಲೆ ಹಾಕಿ, ಮುದ್ದೆ ಬಂದು, ಸಾರು ಬರುವ ಹೊತ್ತಿಗೆ —

ಇಲ್ಲಿ ಒಂದು ಮಾತನ್ನು ಬಿಟ್ಟು ಮುಂದೆ ಹೋಗಬಹುದಿತ್ತು. ಮರೆತೆ ಎಂದು ಬರೆದರೆ ಯಾರಿಗೆ ಗೊತ್ತಾಗುತ್ತದೆ? ಆದರೆ ನಾನು ಮರೆತಿರಲಿಲ್ಲ. ಎಲೆಯ ಮುಂದೆ ಕೂತಾಗ ನೆನಪಾಯಿತು. ಚಪ್ಪರದ ಬಟ್ಟೆಯ ಸಂದಿನಿಂದ ಬಿಸಿಲು ನೇರ ನೆತ್ತಿಗೆ ಬೀಳುತ್ತಿತ್ತು. ಈಗ ಏಳಬೇಕು ಅನ್ನಿಸಿತು. ಪಂಕ್ತಿಯ ನಡುವೆ ಎದ್ದರೆ ಬಡಿಸಿದವರಿಗೆ ಅವಮಾನ, ಅಕ್ಕಪಕ್ಕದವರ ಊಟ ಕೆಡಿಸಿದ ಹಾಗೆ — ನಮ್ಮ ಕಡೆ ಯಾರೂ ಏಳುವುದಿಲ್ಲ. ಮೂವತ್ತು ವರ್ಷ ಗಾಡಿಯ ಸದ್ದಿಗೆ ಅನ್ನದ ತಟ್ಟೆ ಬಿಟ್ಟು ಎದ್ದು ಓಡಿದವನು ಅಂದು ಬೀಗರ ಮರ್ಯಾದೆಗೆ ಕೂತೇ ಇದ್ದೆ. ಇನ್ನೊಂದು ಚೂರು ಹೊತ್ತಿಗೆ ಏನಾಗುತ್ತದೆ ಅಂದುಕೊಂಡೆ. ಉಂಡೆ. ಎಲೆಅಡಿಕೆ ಹಾಕಿದೆ. ಚಪ್ಪರದ ಜಮಖಾನದ ಮೇಲೆ ಒಂದು ಗಳಿಗೆ ಎಂದು ಒರಗಿದೆ.

ಎಚ್ಚರವಾದಾಗ ಮೂರೂವರೆ ದಾಟಿತ್ತು.

ಬಾಗಿಲು ಬಿಚ್ಚಿದಾಗ ಮುಖಕ್ಕೆ ಬಡಿದ ಹಬೆ ಈಗಲೂ ನನ್ನ ಚರ್ಮದ ಮೇಲಿದೆ. ಸೊಪ್ಪು ಬೇಯಿಸಿದ ಪಾತ್ರೆಯ ಮುಚ್ಚಳ ತೆಗೆದ ಹಾಗೆ, ಅದೇ ವಾಸನೆ. ಹಾಳೆಯ ಒಳಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸಸಿಗಳೆಲ್ಲ ಟ್ರೇಯ ಅಂಚಿನ ಮೇಲೆ ಮಲಗಿದ್ದವು. ಮುಟ್ಟಿದರೆ ಎಲೆ ಬೆರಳಿಗೆ ಅಂಟಿತು. ಥರ್ಮಾಮೀಟರಿನ ಕೆಂಪು ಗೆರೆ ಮೇಲಿನ ಕೊನೆಯ ಗೀಟಿಗೆ ಹೋಗಿ ನಿಂತಿತ್ತು.

ಪರದೆ ಎತ್ತಿದೆ. ಎರಡೂ ಬಾಗಿಲು ತೆರೆದೆ. ನೀರು ಚಿಮುಕಿಸಿದೆ. ಹಾಳೆಯ ಹನಿಗಳನ್ನು ಟವೆಲಿನಿಂದ ಒರೆಸಿದೆ. ಇಷ್ಟನ್ನೂ ಗಾಬರಿಯಲ್ಲಿ ಮಾಡಿದೆ ಅನ್ನಬಹುದು. ಆಮೇಲೆ ಮಾಡಿದ್ದನ್ನು ಗಾಬರಿಯಲ್ಲಿ ಮಾಡಲಿಲ್ಲ. ಭಾರತಿ ಬಂದರೆ ಮೊದಲು ಥರ್ಮಾಮೀಟರನ್ನೇ ನೋಡುತ್ತಾಳೆ ಎಂದು ನನಗೆ ಗೊತ್ತಿತ್ತು. ಅದನ್ನು ಬಿಚ್ಚಿ, ನೆರಳಿನಲ್ಲಿದ್ದ ನೀರಿನ ಮಡಕೆಯಲ್ಲಿ ಅದ್ದಿ ಹಿಡಿದೆ. ಗೆರೆ ಇಳಿಯುವುದನ್ನು ನೋಡುತ್ತಾ ನಿಂತೆ. ಮೂವತ್ತಕ್ಕೆ ಬಂದ ಮೇಲೆ ಒರೆಸಿ, ಇದ್ದ ಜಾಗಕ್ಕೇ ತಗುಲಿಸಿದೆ.

ಸುಮಾರು ಐದು ಗಂಟೆಗೆ ಜಯಮ್ಮ ಹಿತ್ತಲಿಗೆ ಬಂದಳು. ಅವಳು ಕೂಗಿದ್ದಕ್ಕೆ ಬೀಗರೂಟದ ಹೆಂಗಸರೆಲ್ಲ ಬೇಲಿ ದಾಟಿ ಬಂದರು. ನಿಂಗಮ್ಮ ಬಂದಳು, ಬೇಲೂರಿನಿಂದ ಬಂದ ಬೀಗರ ಕಡೆಯವರೂ ಬಂದು ನಿಂತರು.

"ನಾ ಬಡ್ಕಂಡೆ, ನೆನ್ನೆ ಒಳಿಕ್ಕೆ ಹೋಗ್ಬೇಡ ಅಂತ ಬಡ್ಕಂಡೆ!" ಎಂದು ಜಯಮ್ಮ ಹಣೆಗೆ ಹೊಡೆದುಕೊಂಡಳು.

ಭಾರತಿ ಮಗುವನ್ನು ಸೊಂಟದಲ್ಲಿ ಹೊತ್ತುಕೊಂಡು ಕೊಟ್ಟಿಗೆಯ ಪಕ್ಕ, ದೂರದಲ್ಲೇ ನಿಂತಳು. ಅಲ್ಲಿಂದಲೇ ನೋಡಿ, "ಬೆಂದ ಹಾಗಿದೆ" ಅಂದಳು. ಅವಳಿಗೆ ತಿಳಿದಿತ್ತು. ಕೆಲಸ ಬಲ್ಲವಳ ಕಣ್ಣು ಮೊದಲ ನೋಟಕ್ಕೇ ನಿಜ ಹಿಡಿದಿತ್ತು. ನನ್ನ ಕಡೆ ತಿರುಗಿ ಕೇಳಿದಳು.

"ಮಾವ, ಪರದೆ ಎತ್ತಿದ್ರಾ?"

"ಎತ್ತಿದ್ದೆ ಕಣಮ್ಮ. ಬೆಳಿಗ್ಗೆಯಿಂದ ಎತ್ತೇ ಇತ್ತು."

"ಥರ್ಮಾಮೀಟರು?"

ನಾನೇ ಬಿಚ್ಚಿ ತಂದು ಅವಳಿಗೆ ಕಾಣುವ ಹಾಗೆ ಹಿಡಿದೆ. ಅವಳು ನೋಡಿದಳು. ಮತ್ತೆ ಸಸಿಗಳನ್ನು ನೋಡಿದಳು. ಅಲ್ಲಿಗೇ ನಿಲ್ಲಿಸಿದ್ದರೆ — ಒಂದು ಸುಳ್ಳಿಗೇ ನಿಲ್ಲಿಸಿದ್ದರೆ ಅವಳು ಬೇರೆ ಕಾರಣ ಹುಡುಕುತ್ತಿದ್ದಳು. ನೀರೋ, ಬೀಜವೋ, ರೋಗವೋ ಎಂದು ಅಗೆದು ನೋಡುತ್ತಿದ್ದಳು. ಹುಡುಕಿದರೆ ನನ್ನ ಹತ್ತಿರವೇ ಬಂದಾಳು ಎಂದು ಹೆದರಿದೆ. ಯಾರೂ ನನ್ನನ್ನು ಕೇಳಿರಲಿಲ್ಲ. ಕೇಳದೆಯೇ ಅಂದೆ:

"ನೆನ್ನೆ ನೀನು ಒಳಗೆ ಹೋಗಬಾರದಿತ್ತು ಕಣಮ್ಮ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಂಗಸರು ತಮ್ಮೊಳಗೆ ಆಡಿಕೊಳ್ಳುವ ಮಾತನ್ನು ಗಂಡಸು, ಅದೂ ಮಾವ, ಎಲ್ಲರ ಮುಂದೆ ಆಡಿದ್ದ. ಭಾರತಿಯ ಮುಖ ಬಿಸಿಲಿಗೆ ಹಿಡಿದ ಎಲೆಯಂತೆ — ಬೇಡ, ಹೋಲಿಕೆ ಕೊಡುವ ಯೋಗ್ಯತೆ ನನಗಿಲ್ಲ. ಅವಳು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಒಳಗೆ ಹೋದಳು.

ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಜಗಳವಾಡುತ್ತಿದ್ದಳೋ ಏನೋ. ಅವಳು ಮತ್ತೆ ಬೀಜ ಹಾಕಿದಳು, ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಸಸಿ ಎದ್ದವು. ಯಾರೂ ಬರಲಿಲ್ಲ. ಅವಳೇ ಟ್ರೇ ಹೊತ್ತು ಮನೆಮನೆಗೆ ಹೋದಳು. "ಈ ಸಲ ಜಾಗ ಇಲ್ಲ ಕಣವ್ವ" ಅಂದರು. "ನಮ್ಮಣ್ಣ ಅರಸೀಕೆರೆಯಿಂದ ತಂದವ್ನೆ" ಅಂದರು. ನಿಂಗಮ್ಮ ಮಾತ್ರ ನಾಲ್ಕು ಸಸಿ ತೆಗೆದುಕೊಂಡಳು. ಹೆಬ್ಬೆರಳಿನ ಒತ್ತು ಕೇಳಲಿಲ್ಲ. ಎರಡು ದಿನದ ಮೇಲೆ ಆ ಸಸಿಗಳು ಅವಳ ತಿಪ್ಪೆಯ ಮೇಲೆ ಬಿದ್ದಿದ್ದನ್ನು ನಾನು ನೋಡಿದೆ, ಭಾರತಿಯೂ ನೋಡಿದಳು.

ಅದಾದ ಮೇಲೆ ಅವಳು ಪ್ಲಾಸ್ಟಿಕ್ ಮನೆಯೊಳಗೆ ಹೋಗಲಿಲ್ಲ. ಗಾಳಿಗೆ ಹಾಳೆ ಹರಿಯಿತು. ಹರಿದದ್ದನ್ನು ಬಿಚ್ಚಿ ನಾನೇ ಸೌದೆಗೆ ಹೊದಿಸಿದೆ. ಕಮಾನುಗಳು ಹಾಗೇ ನಿಂತವು, ಜಯಮ್ಮ ಅವುಗಳ ಮೇಲೆ ಹೀರೆಬಳ್ಳಿ ಹಬ್ಬಿಸಿದಳು.

ನಾನು ಅಂದುಕೊಂಡಿದ್ದು ಇಷ್ಟು: ಅವಳು ಓದಿದವಳು, ಇದನ್ನೆಲ್ಲ ನಂಬುವುದಿಲ್ಲ, ಸ್ವಲ್ಪ ದಿನ ಬೇಜಾರು ಮಾಡಿಕೊಂಡು ಮರೆಯುತ್ತಾಳೆ. ಅವಳು ನಂಬಿದಳು. ಯಾಕೆ ನಂಬಿದಳು ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು. ಪರದೆ ಎತ್ತಿತ್ತು ಎಂದು ಮಾವ ಹೇಳಿದ್ದಾರೆ, ಮಾವನಿಗೆ ಹೊತ್ತು ತಪ್ಪುವುದಿಲ್ಲ. ಅಂದ ಮೇಲೆ ಉಳಿದದ್ದು ಅದೊಂದೇ ಕಾರಣ. ನನ್ನ ಮೇಲೆ ಇಟ್ಟ ನಂಬಿಕೆಯೇ ಅವಳನ್ನು ಆ ಮೂಢನಂಬಿಕೆಗೆ ತಳ್ಳಿತು.

ಒಂದು ದಿನ ಒಗ್ಗರಣೆ ಹಾಕುತ್ತಾ ಅಡಿಗೆಮನೆಯಿಂದ ಕೂಗಿದಳು: "ಮಾವ, ಎರಡು ಎಸಳು ಕರಿಬೇವು ಕಿತ್ಕೊಡ್ತೀರಾ?" ಕರಿಬೇವಿನ ಗಿಡ ಅಡಿಗೆಮನೆಯ ಹಿಂಬಾಗಿಲಿನಿಂದ ನಾಲ್ಕು ಹೆಜ್ಜೆ. ಕೈಗೆ ಬಿಡುವಿಲ್ಲವೇನೋ ಎಂದು ಕಿತ್ತುಕೊಟ್ಟೆ. ಮರುದಿನವೂ ಕೂಗಿದಳು. ಅದರ ಮರುದಿನವೂ. ಗಿಡ ಎಂಬುದನ್ನೇ ಮುಟ್ಟುವುದನ್ನು ಬಿಟ್ಟಿದ್ದಾಳೆ ಎಂದು ಆಗ ಗೊತ್ತಾಯಿತು. ಮೂರು ದಿನಕ್ಕಲ್ಲ, ಮೂವತ್ತೂ ದಿನಕ್ಕೆ. ಹನ್ನೊಂದು ವರ್ಷ ಪ್ರತಿ ಬೆಳಿಗ್ಗೆ ಆ ಕೂಗು. ಹನ್ನೊಂದು ವರ್ಷ ಪ್ರತಿ ಬೆಳಿಗ್ಗೆ ನಾನು ಎದ್ದು ಕಿತ್ತುಕೊಟ್ಟೆ. ಹೇಳಲು ದಿನಕ್ಕೊಂದು ಅವಕಾಶವಿತ್ತು ಎಂದಾಯಿತು. ಎಸಳು ಕೊಟ್ಟು ಬಂದು ಜಗುಲಿಯಲ್ಲಿ ಕೂರುತ್ತಿದ್ದೆ.

ಸಿಂಚನಳಿಗೆ ಈಗ ಹದಿಮೂರು. ಸಂಕ್ರಾಂತಿ ಕಳೆದ ಮೇಲೆ ಶಾಲೆಯ ವಿಜ್ಞಾನದ ಪಾಠಕ್ಕೆಂದು ಅದೇ ಹಳೆಯ ಕಮಾನುಗಳ ಮೇಲೆ ಹೊಸ ಹಾಳೆ ಹೊದಿಸಿದಳು. ಬಿಸಿಲೇರುವ ಮೊದಲೇ ಎಳೆದು ಕಟ್ಟಿದಳು, ಜೋಲು ಬಿತ್ತು. ಭಾರತಿ ಹಿಂಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳಿಗೆ ಗೊತ್ತಿತ್ತು ಯಾಕೆ ಜೋಲು ಬಿತ್ತೆಂದು. ಹೇಳದೆ ಅಡಿಗೆಮನೆಗೆ ಹಿಂತಿರುಗಿದಳು.

ಮೊಮ್ಮಗಳು ಬೀಜ ಹಾಕಿದಳು, ಹಗಲು ಪರದೆ ಎತ್ತುವ ಕೆಲಸವನ್ನು ನನಗೆ ಬಿಟ್ಟಳು. ಸಸಿ ಎದ್ದವು. ಸರಿಯಾಗಿ ಆ ವಾರವೇ ಅವಳು ದೊಡ್ಡವಳಾದಳು. ಆರತಿ ಎಲ್ಲ ಮುಗಿದ ಮೇಲೆ ಜಯಮ್ಮ ಹೇಳಿದಳು: "ಇನ್ ಮ್ಯಾಲೆ ತಿಂಗ್ಳಿಗೆ ಮೂರ್ ದಿನ ಆ ಪ್ಲಾಸ್ಟಿಕ್ ಮನೆ ಕಡೆ ತಲೆ ಹಾಕ್ಬೇಡ ಕಣವ್ವ."

"ಅಜ್ಜೀ, ಅದೆಲ್ಲ ಸುಳ್ಳು. ನಮ್ಮ ಮಿಸ್ ಹೇಳಿದ್ದಾರೆ."

ಆಗ ಭಾರತಿ, ಸಸಿಯ ಪಕ್ಕ ನಿಂಗಮ್ಮನನ್ನು ನೆಡುತ್ತೇನೆ ಎಂದು ನಗಿಸಿದ ಅದೇ ಭಾರತಿ, ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆಯೆತ್ತದೆ ಹೇಳಿದಳು: "ಸುಳ್ಳಲ್ಲ ಕಣೇ. ನಂಗೇ ಆಗಿದೆ. ನನ್ನ ಕೈ ಅಂಥದ್ದು. ನಿಂದೂ ಹಂಗಾಗೋದು ಬೇಡ. ಬೇಕಾದ್ರೆ ತಾತನ್ನ ಕೇಳು."

ಸಿಂಚನ ನನ್ನ ಕಡೆ ತಿರುಗಿದಳು. "ಹೌದಾ ತಾತ?"

"ಸ್ವಲ್ಪ ಇರು ಮಗ" ಎಂದು ಎದ್ದುಹೋದೆ. ಆ ಹುಡುಗಿ ತನ್ನ ಎರಡು ಅಂಗೈಗಳನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದದ್ದು ಬಾಗಿಲು ದಾಟುವಾಗ ಕಂಡಿತು.

ನನ್ನ ರೈಲ್ವೆಯ ತಗಡಿನ ಪೆಟ್ಟಿಗೆಯಲ್ಲಿ ಆ ಥರ್ಮಾಮೀಟರು ಇತ್ತು. ಹಾಳೆ ಬಿಚ್ಚಿದ ದಿನ ಎಸೆಯಲಾರದೆ ಇಟ್ಟುಕೊಂಡಿದ್ದೆ. ಅದನ್ನು ತೆಗೆದುಕೊಂಡು ವಾಪಸು ಬಂದೆ. ಮೂವರೂ ಅಲ್ಲೇ ಇದ್ದರು. ನಿಂತುಕೊಂಡೇ ಹೇಳಿದೆ. ದೃಷ್ಟಿಗೆ ಹೆದರಿ ಪರದೆ ಇಳಿಸಿದ್ದು, ಪಂಕ್ತಿಯಲ್ಲಿ ನೆನಪಾಗಿಯೂ ಕೂತಿದ್ದು, ಮಲಗಿದ್ದು, ಹಬೆ, ಮಡಕೆ, ಕೆಂಪು ಗೆರೆ. ಕೊನೆಗೆ ನಾನು ಆಡಿದ ಮಾತು.

ಜಯಮ್ಮ ಮೊದಲು ಮಾತಾಡಿದಳು. "ನನ್ ಬಾಯಲ್ಲೂ ಪಾಪದ ಮಾತು ಆಡಿಸ್ಬಿಟ್ಟೆಯಲ್ಲಾ ಮಾರಾಯ. ಹನ್ನೊಂದು ವರ್ಷದಿಂದ ಆಡ್ತಾನೇ ಇದೀನಲ್ಲಾ." ಅಷ್ಟು ಹೇಳಿ ಗೋಡೆಯ ಕಡೆ ತಿರುಗಿ ಕೂತಳು.

ಭಾರತಿ ಅಳುತ್ತಾಳೆ, ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ಕೈಚಾಚಿ ಥರ್ಮಾಮೀಟರು ತೆಗೆದುಕೊಂಡಳು.

"ಬಾಗಿಲು ತೆಗೆದಾಗ ಎಷ್ಟು ತೋರಿಸ್ತಿತ್ತು ಮಾವ?"

"ಕೊನೆಯ ಗೀಟು."

"ಐವತ್ತು." ಅವಳು ತನ್ನಷ್ಟಕ್ಕೆ ಹೇಳಿಕೊಂಡಳು. "ಹಾಗಾದ್ರೆ ಯಾರ ಕೈಯದ್ದಾದ್ರೂ ಉಳೀತಿರಲಿಲ್ಲ." ಎದ್ದು, ಮೊರ ತೆಗೆದುಕೊಂಡು ಒಳಗೆ ಹೋದಳು. ಥರ್ಮಾಮೀಟರನ್ನು ಮಗಳ ಮಡಿಲಲ್ಲಿ ಇಟ್ಟು ಹೋದಳು.

ಸಂಜೆ ರವಿಗೂ ಹೇಳಿದೆ. ಅವನು ಎಂಟು ದಿನ ನನ್ನ ಎದುರಿಗೆ ಊಟಕ್ಕೆ ಕೂರಲಿಲ್ಲ. ಸಿಂಚನ ಹಗ್ಗದ ಕೆಲಸವನ್ನು ನನ್ನಿಂದ ಕಿತ್ತುಕೊಂಡಳು. "ಪರದೆ ನಾನೇ ಎತ್ತಿ ಸ್ಕೂಲಿಗೆ ಹೋಗ್ತೀನಿ ತಾತ, ನೀವು ಮುಟ್ಟಬೇಡಿ." ಸರಿಯಾಗಿಯೇ ಮಾಡಿದಳು.

ಮರುದಿನದಿಂದ ನಾನು ಬೀದಿಯ ಮನೆಗಳಿಗೆ ಹೋದೆ. ಮೊದಲು ನಿಂಗಮ್ಮನ ಮನೆ. ಈಗ ಅವಳಿಗೂ ಬೆನ್ನು ಬಾಗಿದೆ. ಕೇಳಿಸಿಕೊಂಡು, "ಅಯ್ಯೋ ಅದ್ಯಾವ ಕಾಲದ್ ಮಾತು ಬಿಡಣ್ಣೋ, ನಾನು ಮರ್ತೇ ಬಿಟ್ಟಿದ್ದೆ. ಕಾಫಿ ಕುಡೀತೀಯಾ?" ಅಂದಳು. ಇನ್ನೆರಡು ಮನೆಯಲ್ಲೂ ಹೀಗೇ ಆಯಿತು. ಅವರ ಪಾಲಿಗೆ ಅದೊಂದು ಸಂಜೆಯ ಮಾತು. ಅದನ್ನು ನನ್ನ ಸೊಸೆ ಹನ್ನೊಂದು ವರ್ಷ ಕೈಯಲ್ಲಿ ಹೊತ್ತಿದ್ದಳು.

ಆದರೆ ಆ ಸಂಜೆ ಅಲ್ಲಿದ್ದವರು ನಮ್ಮ ಬೀದಿಯವರು ಮಾತ್ರವಲ್ಲ. ಬೀಗರ ಬಸ್ಸಿನಲ್ಲಿ ಬೇಲೂರಿನ ಕಡೆಯಿಂದ ಬಂದವರಿದ್ದರು. ಅವರ ಬಾಯಿಂದ ಮಾತು ಹಳೇಬೀಡು ದಾಟಿ ಬಸ್ತಿಹಳ್ಳಿಯ ಅವಳ ತವರಿಗೂ ಹೋಗಿತ್ತು ಎಂದು ಈಗ ತಿಳಿಯಿತು. ಅವಳ ಅಣ್ಣನ ಮನೆಯಲ್ಲಿ ಹೂವಿನ ಗಿಡ ನೆಡುವಾಗ ಅವಳನ್ನು ಕರೆಯುವುದನ್ನು ಬಿಟ್ಟಿದ್ದರಂತೆ. ಬಸ್ತಿಹಳ್ಳಿಗೆ ನಾನೇ ಹೋಗಿ ಹೇಳಿ ಬಂದೆ. ಉಳಿದವರ ಹೆಸರು ಗೊತ್ತಿಲ್ಲ, ಮನೆ ಗೊತ್ತಿಲ್ಲ. ನನ್ನ ಕಾಲು ಹೋಗಲಾರದ ಕಡೆ ಈ ಕಾಗದ ಹೋಗಲಿ ಎಂದು ಬರೆದಿದ್ದೇನೆ. ಆ ಬೀಗರೂಟಕ್ಕೆ ಬಂದವರು ಯಾರಾದರೂ ಇದನ್ನು ಓದುತ್ತಿದ್ದರೆ — ನೀವು ಅಂದು ಕೇಳಿಸಿಕೊಂಡದ್ದು ಸುಳ್ಳು. ಹೇಳಿದವನು ನಾನು. ಯಾರಿಗೆ ಆ ಕಥೆ ಹೇಳಿದ್ದೀರೋ ಅವರಿಗೆ ಇದನ್ನೂ ಹೇಳಿ.

ಹೇಳಿದ ಮೇಲೆ ಎಲ್ಲ ಸರಿಹೋಯಿತೇ ಎಂದರೆ, ಇಲ್ಲ. ಸಿಂಚನ ಎಲ್ಲ ದಿನವೂ ಒಳಗೆ ಹೋಗುತ್ತಾಳೆ, ಸಸಿಗಳು ಚೆನ್ನಾಗಿವೆ. ಒಂದು ಮಧ್ಯಾಹ್ನ ಅವಳು ಅಮ್ಮನನ್ನು ಕೈಹಿಡಿದು ಎಳೆದಳು. ಭಾರತಿ ಬಾಗಿಲವರೆಗೆ ಬಂದಳು. ಜೋಲು ಬಿದ್ದ ಹಾಳೆಯನ್ನು ಬಿಸಿಲಿನಲ್ಲಿ ಬಿಚ್ಚಿ ಮತ್ತೆ ಎಳೆದು ಕಟ್ಟಬೇಕೆಂದು ಹೇಳಿಕೊಟ್ಟಳು. ಒಳಗೆ ಕಾಲಿಡಲಿಲ್ಲ. "ಗೊತ್ತಾಯ್ತು ಕಣೇ, ಸುಳ್ಳು ಅಂತ ಗೊತ್ತಾಯ್ತು. ಕೈ ಮುಂದೆ ಬರಲ್ಲ, ಏನ್ ಮಾಡ್ಲಿ" ಅಂದಳು. ನಾನು ಕೊಟ್ಟಿಗೆಯ ಪಕ್ಕ ನಿಂತಿದ್ದೆ. ಹನ್ನೊಂದು ವರ್ಷದ ಹಿಂದೆ ಅವಳು ನಿಂತಿದ್ದ ಅದೇ ಜಾಗ.

ಇವತ್ತು ಬೆಳಿಗ್ಗೆಯೂ ಅಡಿಗೆಮನೆಯಿಂದ ಕೂಗು ಬಂತು. "ಮಾವ, ಎರಡು ಎಸಳು ಕರಿಬೇವು."

ಎದ್ದು ಹೋದೆ. ಈಗೀಗ ನಾನು ಕೆಳಗಿನ ಕೊಂಬೆಗಳನ್ನು ಮುಟ್ಟುವುದಿಲ್ಲ. ಕತ್ತು ನೋಯುತ್ತದೆ, ಆದರೂ ದೋಟಿ ಹಿಡಿದು ಮೇಲಿನದನ್ನೇ ಕೀಳುತ್ತೇನೆ. ಹಿಂಬಾಗಿಲಿನಿಂದ ನಾಲ್ಕು ಹೆಜ್ಜೆ ಇಟ್ಟರೆ ಅವಳ ಕೈಗೆ ಎಟುಕುವಷ್ಟು ಎತ್ತರದಲ್ಲಿ ಎಲೆ ದಟ್ಟವಾಗಿ ಬಂದಿದೆ. ಅದನ್ನು ಹಾಗೇ ಬಿಟ್ಟಿದ್ದೇನೆ.